ಯುರೋಪಿನ ಬೀದಿಯಲ್ಲಿ ಅತ್ತೆ ಮತ್ತು ನಾನು

ನಮ್ಮೂರಿನಿಂದ ಬಂಗಾರಪೇಟೆಗೆ ಹೋಗುವ ದಾರಿಯಲ್ಲಿ, ಮೊದಲು ಬರೀ ಬಂಡೆ ಮತ್ತು ಮುಳ್ಳುಪೊದೆ ಇದ್ದ ಜಾಗದಲ್ಲಿ, ಯುರೋಪಿನ ಒಂದು ಊರು ಎದ್ದಿತು. ಅದು ಏಳುವುದನ್ನು ನಾನು ಬಸ್ಸಿನ ಕಿಟಕಿಯಿಂದಲೇ ನೋಡುತ್ತ ಬಂದವಳು. ಮೊದಲು ಎತ್ತರದ ತಗಡಿನ ಬೇಲಿ ಬಂತು. ಆಮೇಲೆ ಬೇಲಿಯ ಮೇಲಿನಿಂದ ಗಡಿಯಾರದ ಗೋಪುರವೊಂದು ತಲೆ ಹಾಕಿತು. ಅದಾದ ಮೇಲೆ ಗಾಳಿಗಿರಣಿಯ ರೆಕ್ಕೆ, ಚೂಪು ಚಾವಣಿಯ ಹೋಟೆಲು, ರಾಟೆಯ ಹಾಗೆ ಸುತ್ತುವ ದೊಡ್ಡ ಚಕ್ರ. ಬಸ್ಸಿನಲ್ಲಿ ಇದ್ದವರೆಲ್ಲ ಆ ತಿರುವು ಬಂದಾಗ ಮಾತು ನಿಲ್ಲಿಸಿ ಅತ್ತ ನೋಡುತ್ತಿದ್ದರು. ದಾಟಿದ ಮೇಲೆ ಮತ್ತೆ ಟೊಮೇಟೊ ದರದ ಮಾತಿಗೆ ಮರಳುತ್ತಿದ್ದರು. ನಾನು ಮಾತ್ರ ಕತ್ತು ಹಿಂದಕ್ಕೆ ತಿರುಗಿಸಿಕೊಂಡೇ ಇರುತ್ತಿದ್ದೆ.

ನನಗೆ ಒಂದು ಕಡೆ ಕೂರಲಾಗದ ಚಾಳಿ ಮೊದಲಿನಿಂದಲೂ ಇದೆ. ಮದುವೆಯಾಗಿ ಬಂದ ಮೇಲೆ ಬಂಗಾರಪೇಟೆಯ ನರ್ಸರಿ ಶಾಲೆಯೊಂದರಲ್ಲಿ ಪಾಠ ಹೇಳಿದೆ, ಬಿಟ್ಟೆ. ಹೊಲಿಗೆ ಕಲಿತೆ, ಮಷೀನು ತರಿಸಿಕೊಂಡೆ, ಅದೂ ಮೂಲೆ ಸೇರಿತು. ಬಟ್ಟೆ ಅಂಗಡಿಯಲ್ಲಿ ಕೆಲವು ಕಾಲ ಸೀರೆ ಮಡಚಿದೆ. ಆಗ ಮನೆಯಲ್ಲಿ ಹಸುಗಳು, ಸ್ವಲ್ಪ ರಾಗಿ ಹೊಲ, ನಾನು ಮತ್ತು ಅತ್ತೆ. ಗಂಡ ದಿನಾ ಬೆಳಗಿನ ರೈಲಿಗೆ ಬೆಂಗಳೂರಿನ ಕಾರ್ಖಾನೆಗೆ ಹೋಗಿ ರಾತ್ರಿ ಬರುವವರು. ಹಾಲು ಕರೆದು ಡೈರಿಗೆ ಹಾಕಿ ಬಂದರೆ ಮುಂದಿನ ಹಗಲು ನನ್ನ ಎದುರು ದೊಡ್ಡ ಖಾಲಿ ಕಣದ ಹಾಗೆ ಬಿದ್ದಿರುತ್ತಿತ್ತು. ಕೆಲಸವಿಲ್ಲವೆಂದಲ್ಲ, ಕೆಲಸ ಬೇಕಾದಷ್ಟಿತ್ತು. ಆದರೂ ಪಾತ್ರೆ ಉಜ್ಜುತ್ತಿದ್ದವಳು ಅರ್ಧಕ್ಕೇ ಎದ್ದು ಬಾಗಿಲಿಗೆ ಬಂದು ರಸ್ತೆ ನೋಡುತ್ತಿದ್ದೆ. ರಸ್ತೆಯಲ್ಲಿ ಯಾರೂ ಬರುವವರಿರಲಿಲ್ಲ.

ಒಂದು ದಿನ ಡೈರಿಯ ಮುಂದೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಆ ಯುರೋಪಿನ ಊರನ್ನು ಕಟ್ಟಿದ ರೆಸಾರ್ಟಿನಿಂದ ಒಬ್ಬ ಹುಡುಗಿ ಬಂದಳು. ಸಾರ್ವಜನಿಕರಿಗೆ ಬಾಗಿಲು ತೆಗೆಯುವ ಮೊದಲು ಸುತ್ತಲಿನ ಊರುಗಳಿಂದ ಕೆಲವು ಮನೆಯವರನ್ನು ಕರೆದು ಒಂದು ದಿನ ಉಳಿಸಿಕೊಳ್ಳುತ್ತಾರಂತೆ. ನಾವು ಏನೂ ಕೊಡಬೇಕಿಲ್ಲ. ಇದ್ದು, ಉಂಡು, ಆಡಿ, ಮಾರನೆಯ ಬೆಳಗ್ಗೆ ಹೇಗಿತ್ತು ಎಂದು ಅಭಿಪ್ರಾಯ ಹೇಳಿದರೆ ಸಾಕು. ಸಾಲಿನಲ್ಲಿ ಇದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದರೊಳಗೆ ನಾನು ನಮ್ಮ ಮನೆಯ ಹೆಸರು ಬರೆಸಿ ಮುಗಿಸಿದ್ದೆ.

ಗಂಡನಿಗೆ ರಜೆ ಸಿಗುವಂತಿರಲಿಲ್ಲ. ಉರಿಗಾಂನಲ್ಲಿರುವ ನನ್ನ ತಂಗಿಯನ್ನು ಕರೆದುಕೊಂಡು ಹೋಗೋಣ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದೆ. ಅವರು ಊಟ ಮಾಡುತ್ತ, "ಅಮ್ಮನ್ನ ಕರ್ಕೊಂಡೋಗು" ಅಂದುಬಿಟ್ಟರು. ಅತ್ತೆ ಬರುವುದಿಲ್ಲ ಎಂದು ನನಗೆ ಧೈರ್ಯ. ಮದುವೆ, ಹೆರಿಗೆ, ಸಾವು ಬಿಟ್ಟರೆ ಅವರು ಇನ್ನೊಬ್ಬರ ಸೂರಿನ ಕೆಳಗೆ ಮಲಗಿದವರೇ ಅಲ್ಲ. ಹಸುಗಳನ್ನು ಬಿಟ್ಟು ಹೊರಡುವುದೆಂದರೆ ಅವರಿಗೆ ಆಗದ ಮಾತು. ಆದರೂ ಕೇಳಿದೆ. ಅತ್ತೆ ತಲೆಯ ಮೇಲಿದ್ದ ಹುಲ್ಲಿನ ಹೊರೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, "ಯಾವತ್ತು?" ಎಂದರು.

"ಹಸು ಕರೆಯೋದು?" ಎಂದೆ ನಾನು.

"ಪಕ್ಕದ ಮನೇವ್ಳು ಕರೀತಾಳೆ. ಅವ್ಳ ಬಾಣಂತನ್ದಾಗೆ ನಾನ್ ಕರೀಲಿಲ್ವಾ."

ಹೊರಡುವ ದಿನ ಅತ್ತೆ ಪೆಟ್ಟಿಗೆಯಿಂದ ರೇಷ್ಮೆ ಅಂಚಿನ ಸೀರೆ ತೆಗೆದು ಉಟ್ಟರು. ಪಕ್ಕದ ಮನೆಯವಳಿಗೆ ಬೂಸಾ ಎಲ್ಲಿದೆ ಎಂದು ಕೂಡ ಸರಿಯಾಗಿ ಹೇಳಲಿಲ್ಲ. ಹೇಳಿದ್ದು ನಾನು, ಅದೂ ಬಸ್ಸು ಬಂದ ಮೇಲೆ, ರಸ್ತೆಯಿಂದ ಕೂಗಿ.

ರೆಸಾರ್ಟಿನ ಬಾಗಿಲಲ್ಲಿ ಝಾಲರಿ ಅಂಗಿ ತೊಟ್ಟು, ತಲೆಗೆ ಬಿಳಿ ಟೋಪಿ ಕಟ್ಟಿಕೊಂಡ ಹುಡುಗಿಯೊಬ್ಬಳು ಹೂವಿನ ಬುಟ್ಟಿ ಹಿಡಿದು ನಿಂತಿದ್ದಳು. ಮೊಣಕಾಲು ಬಗ್ಗಿಸಿ ಯಾವುದೋ ಭಾಷೆಯಲ್ಲಿ ಏನೋ ಹೇಳಿದಳು. ಅತ್ತೆ ಅವಳ ಗಲ್ಲ ಹಿಡಿದು ಮುಖ ಎತ್ತಿ ನೋಡಿದರು.

"ನೀನು ಕೆರೆ ಆಚೆ ಊರ್ನೋಳಲ್ವೇ? ನಿಮ್ಮಜ್ಜಿ ಎಂಗವ್ಳೆ?"

"ಸುಮ್ನಿರಜ್ಜಿ, ಮೊದ್ಲ ಮಾತು ಅದೇ ಬಾಷೇಲಿ ಆಡ್ಬೇಕು ನಾವು" ಎಂದು ಅವಳು ತುಟಿ ಅಲುಗಿಸದೆ ಹೇಳಿದಳು. ಆಮೇಲೆ ನನ್ನ ಕಡೆ ನೋಡಿ ಮೆಲ್ಲಗೆ, "ಚೆನ್ನಾಗಿದೀರಾ ಮಿಸ್?" ಎಂದಳು. ನರ್ಸರಿಯಲ್ಲಿ ನನ್ನ ಹತ್ತಿರ ಅಕ್ಷರ ತಿದ್ದಿದವಳು ಎಂದು ನನಗೆ ಆಗ ಹೊಳೆಯಿತು.

ಒಳಗೆ ಉರುಟು ಕಲ್ಲು ಹಾಸಿದ ಬೀದಿ. ಎರಡೂ ಕಡೆ ಗುಲಾಬಿ, ಹಳದಿ, ತಿಳಿ ನೀಲಿ ಮನೆಗಳು. ನಡುವೆ ಕಾರಂಜಿ, ಸಣ್ಣ ಕಾಲುವೆ, ಅದರಲ್ಲಿ ಮೂತಿ ಎತ್ತಿದ ದೋಣಿ. ಕೆಳಗಿನ ಅಂತಸ್ತಿನಲ್ಲಿ ನಿಜವಾದ ಅಂಗಡಿಗಳಿದ್ದವು. ಮೇಲಿನ ಅಂತಸ್ತಿನ ಕಿಟಕಿಗಳು ನಿಜವಲ್ಲ, ಗೋಡೆಯ ಮೇಲೆ ಬಣ್ಣದಲ್ಲಿ ಬರೆದವು. ಒಂದು ಕಿಟಕಿಯಲ್ಲಿ ಪರದೆ ಸ್ವಲ್ಪ ಸರಿದಿತ್ತು, ಅದರ ಕಟ್ಟೆಯ ಮೇಲೆ ಬೆಕ್ಕು ಕೂತಿತ್ತು. ಎಲ್ಲ ಬಣ್ಣವೇ. ಗೊತ್ತಿದ್ದೂ ನಾನು ಆ ಪರದೆಯ ಹಿಂದೆ ಯಾರಿರಬಹುದು ಎಂದು ತುಂಬ ಹೊತ್ತು ನೋಡಿದೆ. ಇಷ್ಟು ಚೆಂದದ ಬೀದಿಯನ್ನು ನಾನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಕೊನೆಯವರೆಗೆ ನಡೆದೆ. ಕೊನೆಯಲ್ಲಿ ಗೋಡೆ ಬಂತು. ಗೋಡೆಯ ಮೇಲೆ ಹಿಮದ ಬೆಟ್ಟಗಳನ್ನು ಬರೆದಿದ್ದರು. ತಿರುಗಿ ಬಂದೆ. ಮತ್ತೆ ಹೋದೆ. ಅತ್ತೆ ಕಾರಂಜಿಯ ಕಟ್ಟೆಯ ಮೇಲೆ ಕಾಲು ನೀಡಿ ಕೂತು, ಬಂದವರನ್ನೂ ಹೋದವರನ್ನೂ ನೋಡುತ್ತಿದ್ದರು.

ನಮ್ಮ ಕೋಣೆ ಹೋಟೆಲಿನ ಮೂರನೇ ಅಂತಸ್ತಿನಲ್ಲಿತ್ತು. ಮಂಚ ನಮ್ಮ ಅಡುಗೆಮನೆಯಷ್ಟಿತ್ತು. ಬಚ್ಚಲಲ್ಲಿ ಉದ್ದನೆಯ ಬಿಳಿ ತೊಟ್ಟಿ. ಅತ್ತೆ ಅದರಲ್ಲಿ ಬಿಸಿನೀರು ತುಂಬಿಸಿಕೊಂಡು ಒಳಗೆ ಕೂತರು. ಎಷ್ಟು ಹೊತ್ತಾದರೂ ಸದ್ದಿಲ್ಲ. ನಾನು ಬಾಗಿಲು ತಟ್ಟಿದೆ.

"ಅತ್ತಮ್ಮ, ಏನಾಯ್ತು?"

"ಏನಾಗ್ಬೇಕು? ನೀರು ಇನ್ನೂ ಆರಿಲ್ಲ."

ನಾನು ಕಿಟಕಿ ತೆಗೆಯಲು ಹೋದೆ. ಅದು ತೆಗೆಯುವ ಕಿಟಕಿಯಲ್ಲ, ಗಾಜನ್ನು ಹಾಗೇ ಕೂರಿಸಿದ್ದರು. ಆಚೆ ನಮ್ಮ ಬಸ್ಸಿನ ರಸ್ತೆ ಕಾಣುತ್ತಿತ್ತು. ಪೇಟೆಗೆ ಹೋಗುವಾಗಲೆಲ್ಲ ನಾನು ಕೂತು ಈ ಕಡೆ ನೋಡುತ್ತಿದ್ದ ಅದೇ ಬಸ್ಸು ಹೋಯಿತು, ಅದರ ಸದ್ದು ಮಾತ್ರ ಕೇಳಿಸಲಿಲ್ಲ. ಬಸ್ಸಿನವರೆಲ್ಲ ಈ ಕಡೆ ನೋಡುತ್ತಿದ್ದಿರಬೇಕು. ಅಷ್ಟು ದಿನ ಒಳಗೆ ಏನಿದೆಯೋ ಎಂದು ಹಂಬಲಿಸಿದವಳು ನಾನು. ಈಗ ಒಳಗಿದ್ದೇನೆ, ಮನಸ್ಸು ಮಾತ್ರ ಆ ಬಸ್ಸು ಹತ್ತಿ ಹೋಗಿಬಿಟ್ಟಿದೆ. ಕೋಣೆಯಿಂದ ಹೊರಗೆ ಬಂದೆ. ಲಿಫ್ಟಿನಲ್ಲಿ ಕೆಳಗೆ ಹೋದೆ, ಏನೂ ತೋಚದೆ ಮೇಲೆ ಬಂದೆ. ಲಿಫ್ಟಿನ ಹುಡುಗ, "ಏನಾದ್ರೂ ಕಳ್ಕೊಂಡ್ರಾ ಮೇಡಂ?" ಎಂದು ಕೇಳಿದ.

ಸಾಯಂಕಾಲ ಬೀದಿಯ ಕಾಫಿ ಅಂಗಡಿಯ ಮುಂದೆ ನಮಗೆ ಜೊತೆಯಾದವರು ಉರಿಗಾಂನಿಂದ ಹೆಂಡತಿಯೊಂದಿಗೆ ಬಂದಿದ್ದ ಒಬ್ಬ ಹಿರಿಯರು. ಅಲ್ಲಿಯ ಚಿನ್ನದ ಗಣಿ ಮೈಸೂರು ಮೈನ್ಸ್‌ನಲ್ಲಿ ಭೂಮಿಯ ಅಡಿಗೆ ಇಳಿದು ಕೆಲಸ ಮಾಡಿದ್ದವರು. ಗಣಿ ಮುಚ್ಚಿ ಎಷ್ಟೋ ವರ್ಷವಾದರೂ ಈಗಲೂ ಆ ಗಣಿ ಕಾರ್ಮಿಕರ ಸಾಲು ಮನೆಯಲ್ಲೇ ಇರುವವರು. ನಮ್ಮೊಂದಿಗೆ ಕನ್ನಡ, ಹೆಂಡತಿಯೊಂದಿಗೆ ತಮಿಳು, ಎರಡೂ ಒಂದರೊಳಗೊಂದು ಹೊಕ್ಕ ಮಾತು. ರೆಸಾರ್ಟಿನವರಿಗೆ ಅವರ ಮೇಲೆ ಕಣ್ಣಿತ್ತು. ಹಿಮಬೆಟ್ಟದ ಸುರಂಗದಲ್ಲಿ ಹೋಗುವ ಪುಟ್ಟ ರೈಲು ಅಲ್ಲಿಯ ದೊಡ್ಡ ಆಕರ್ಷಣೆ. ನಿಜವಾದ ಗಣಿಯಲ್ಲಿ ದುಡಿದವರು ಅದರಲ್ಲಿ ಕೂತು ಬಂದರೆ ಏನು ಹೇಳುತ್ತಾರೋ ಎಂದು ಕ್ಯಾಮೆರಾ ಹಿಡಿದ ಹುಡುಗನೊಬ್ಬ ಅವರ ಹಿಂದೆಯೇ ಸುತ್ತುತ್ತಿದ್ದ.

ಅವರು ಹತ್ತಿದರು. ನಾವೂ ಹಿಂದಿನ ಡಬ್ಬಿಯಲ್ಲಿ ಕೂತೆವು. ಒಳಗೆ ನೀಲಿ ದೀಪ, ತಣ್ಣನೆ ಗಾಳಿ, ಹತ್ತಿಯ ಹಾಗೆ ಉದುರುವ ಹಿಮ. ಹೊರಗೆ ಬಂದಾಗ ನಾವೆಲ್ಲ ಅವರ ಮುಖವನ್ನೇ ನೋಡಿದೆವು. ನಾನಂತೂ ಅವರ ಕಣ್ಣು ಒದ್ದೆಯಾಗಿರುತ್ತದೆ ಎಂದುಕೊಂಡಿದ್ದೆ.

"ಹೇಗಿತ್ತು ಅಯ್ಯಾ?" ಎಂದ ಕ್ಯಾಮೆರಾದವನು.

"ನಲ್ಲಾ ಇತ್ತಪ್ಪಾ. ಎಲ್ಲಾ ಚೆನ್ನಾಗೇ ಇದೆ" ಎಂದರು. ಹುಡುಗ ಇನ್ನೇನಾದರೂ ಬರುತ್ತದೆಂದು ಕಾದ. ಹಿರಿಯರು ಸ್ವಲ್ಪ ಯೋಚಿಸಿ ಹೇಳಿದರು: "ಕಾಪಿ ಮಾತ್ರ ಸರಿ ಇಲ್ಲ. ನೀರಿನಂಗೆ ಇದೆ. ಅದು ನೋಡ್ರಿ."

ರಾತ್ರಿ ಊಟಕ್ಕೆ ದೊಡ್ಡ ಹಾಲ್‌ನಲ್ಲಿ ಸಾಲು ಸಾಲು ಪಾತ್ರೆಗಳನ್ನು ಇಟ್ಟಿದ್ದರು. ಬೆಣ್ಣೆಯಲ್ಲಿ ಹುರಿದ ಬ್ರೆಡ್ಡು, ಬಿಳಿ ಸಾರಿನಲ್ಲಿ ಮುಳುಗಿದ ಶಾವಿಗೆಯಂಥದ್ದು, ನಾಲ್ಕು ಬಗೆಯ ಕೇಕು. ಅತ್ತೆ ಎಲ್ಲರ ಹಾಗೆ ತಟ್ಟೆ ಹಿಡಿದು ಸಾಲಿಗೆ ಹೊರಟಾಗ ಉದ್ದ ಟೋಪಿಯ ಬಡಿಸುವವನು ಬಂದು, "ನೀವು ಕೂತ್ಕೊಳ್ಳಿ ಅಮ್ಮ, ನಾನು ತರ್ತೀನಿ" ಎಂದ. ಅತ್ತೆ ಕುರ್ಚಿಯ ಅಂಚಿನಲ್ಲಿ ನೆಟ್ಟಗೆ ಕೂತರು. ಅವನು ಒಂದೊಂದನ್ನೇ ತಂದು ಇದೇನು, ಅದೇನು ಎಂದು ಹೇಳಿ ಬಡಿಸಿದ. ಅವರು ಕೇಕನ್ನು ಮೊದಲು ತಿಂದರು. ಇನ್ನೊಂದು ಕೇಳಿ ಹಾಕಿಸಿಕೊಂಡರು. ನಾನು ನೀರಿಗೆ, ಚಮಚಕ್ಕೆ, ಉಪ್ಪಿಗೆ, ಕೊನೆಗೆ ಯಾವುದಕ್ಕೂ ಅಲ್ಲದೆ ಎದ್ದೆದ್ದು ಓಡಾಡುತ್ತಿದ್ದೆ.

"ಕುತ್ಕಂಡ್ ತಿನ್ನೇ. ಯಾರೂ ಓಡಿಸ್ಕಂಡ್ ಬತ್ತಿಲ್ಲ ನಿನ್ನ" ಎಂದರು ಅತ್ತೆ.

ಆ ರಾತ್ರಿ ಅವರು ಗೊರಕೆ ಹೊಡೆದು ಮಲಗಿದರು. ನನಗೆ ಮೆತ್ತನೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದೇ ಕೆಲಸವಾಯಿತು.

ಬೆಳಗ್ಗೆ ತಿಂಡಿಯಾದ ಮೇಲೆ ಎಲ್ಲ ಮನೆಯವರನ್ನೂ ಒಂದು ಕೋಣೆಯಲ್ಲಿ ಅರ್ಧಚಂದ್ರದ ಹಾಗೆ ಕೂರಿಸಿದರು. ಎದುರಿಗೆ ರೆಸಾರ್ಟಿನ ಮ್ಯಾನೇಜರು. ಬೇರೆ ಊರಿನ ಕಡೆಯವರು, ಕನ್ನಡ ಎಚ್ಚರಿಕೆಯಿಂದ ಆಡುತ್ತಿದ್ದರು. ಪಕ್ಕದಲ್ಲಿ ಅದೇ ಕ್ಯಾಮೆರಾದ ಹುಡುಗ. ನಾನು ಹೇಳಬೇಕಾದ್ದನ್ನು ಹಿಂದಿನ ದಿನದಿಂದಲೇ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದೆ. ಬೀದಿಯ ಅಂದ, ಸಿಬ್ಬಂದಿಯ ವಿನಯ, ನಮ್ಮ ಭಾಗಕ್ಕೆ ಇದೊಂದು ಹೆಮ್ಮೆ, ಹೀಗೆ. ಚೆನ್ನಾಗಿ ಮಾತಾಡಿದರೆ ಇಲ್ಲೇ ಏನಾದರೂ ಕೆಲಸ ಸಿಗಬಹುದು ಎಂಬ ಆಸೆಯೂ ಇತ್ತು.

ಒಬ್ಬರು ಬೆಳಗ್ಗೆ ಮೊಸರನ್ನ ಇರಬೇಕಿತ್ತು ಎಂದರು. ಇನ್ನೊಬ್ಬರು ಉರುಟು ಕಲ್ಲಿನ ಮೇಲೆ ಚಪ್ಪಲಿ ನಿಲ್ಲುವುದಿಲ್ಲ ಎಂದರು. ಉರಿಗಾಂನ ಹಿರಿಯರು ಕಾಫಿಯ ಮಾತನ್ನು ಇನ್ನೊಮ್ಮೆ, ಈ ಸಲ ಸ್ವಲ್ಪ ಗಟ್ಟಿಯಾಗಿ ಹೇಳಿದರು. ಅತ್ತೆಯ ಸರದಿ ಬಂತು. ಕ್ಯಾಮೆರಾದ ಹುಡುಗನಿಗೆ ಅವರ ಸೀರೆ, ಮೂಗುಬೊಟ್ಟು, ಬಿಳಿ ಕೂದಲು ಇಷ್ಟವಾಗಿದ್ದವು. ಹತ್ತಿರ ಬಂದು ಮಂಡಿಯೂರಿ ಕೂತ.

"ಅಜ್ಜಿ, ಯುರೋಪಿಗೇ ಹೋಗಿ ಬಂದಂಗಿತ್ತು ಅಂತ ಒಂದು ಮಾತು ಹೇಳಿ."

"ಆ ಊರ್ನ ನಾನು ನೋಡಿಲ್ವಲ್ಲಪ್ಪ. ಅಂಗೇ ಐತೆ ಅಂತ ಎಂಗೆ ಯೋಳ್ಲಿ?"

ಎಲ್ಲರೂ ನಕ್ಕರು. ಮ್ಯಾನೇಜರೂ ನಕ್ಕರು. "ಸರಿ ಅಮ್ಮ, ನಿಮಗೆ ಏನು ಇಷ್ಟ ಆಯ್ತು, ಅದನ್ನೇ ಹೇಳಿ."

ಅತ್ತೆ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಹೇಳಿದರು: "ರಾತ್ರಿ ಬಡಿಸ್ದೋನು, ಆ ಉದ್ದ ಟೋಪಿಯೋನು, ಚಂದಾಗಿ ಬಡಿಸ್ದ. ಈ ಮನೇಗ್ ಬಂದಾಗ್ನಿಂದ ನಂಗೆ ಯಾರೂ ಅಂಗೆ ಬಡಿಸಿಲ್ಲ."

'ಈ ಮನೆ' ಎಂದರೆ ನಮ್ಮ ಮನೆ ಎಂದು ಅಲ್ಲಿ ಕೂತ ಎಲ್ಲರಿಗೂ ತಿಳಿಯಿತು. ಪಕ್ಕದಲ್ಲಿ ಕೂತವಳು ಸೊಸೆ ಎಂಬುದೂ ತಿಳಿದಿತ್ತು. ಇಪ್ಪತ್ತು ವರ್ಷದಿಂದ ಮುದ್ದೆ ಕಟ್ಟಿ ತಟ್ಟೆಗೆ ಹಾಕುತ್ತಿರುವ ಕೈ ಇದು. ಆ ಹೊತ್ತಿಗೆ ಸರಿಯಾಗಿ ಮ್ಯಾನೇಜರು ನನ್ನ ಕಡೆ ತಿರುಗಿ, "ನೀವು ಮೇಡಂ?" ಎಂದರು.

ಜೋಡಿಸಿಟ್ಟುಕೊಂಡಿದ್ದ ಮಾತು ಒಂದೂ ಸಿಗಲಿಲ್ಲ.

"ಇಲ್ಲಿ ಒಂದು ನಿಮಿಷ ಕೂರಕ್ಕಾಗ್ಲಿಲ್ಲ ನಂಗೆ" ಎಂದೆ. "ಕಿಟಕಿ ತೆಗೆಯಕ್ಕಾಗಲ್ಲ. ಬೀದಿ ಕಿಟಕಿಗಳು ಬರೀ ಬಣ್ಣ. ಮೇಲೆ ಯಾರೋ ಇದಾರೆ ಅಂತ ಕತ್ತೆತ್ತಿ ನೋಡಿದ್ರೆ ಯಾರೂ ಇಲ್ಲ. ಇನ್ನೇನು ಎಲ್ಲಿಗೋ ಹೋಗುತ್ತೆ ಈ ಬೀದಿ ಅನ್ನೋ ಹೊತ್ತಿಗೆ ಗೋಡೆ ಬರುತ್ತೆ. ಅದ್ರ ಆಚೆ ಏನಿದೆ ಅಂತಾನೇ ನಂಗೆ ಯೋಚ್ನೆ. ಆಚೆ ಇರೋದು ನಮ್ಮೂರಿನ ಟೊಮೇಟೊ ತೋಟ ಅಂತ ಗೊತ್ತಿದ್ರೂನೂ."

"ಹಾಗಾದ್ರೆ ನಿಮಗೆ ಇಷ್ಟ ಆಗಲಿಲ್ಲ?"

"ತುಂಬಾ ಇಷ್ಟ ಆಯ್ತು ಸಾರ್. ಅದಕ್ಕೇ ಕೂರಕ್ಕಾಗ್ಲಿಲ್ಲ."

ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಕ್ಯಾಮೆರಾದ ಹುಡುಗ ಯಾವಾಗಲೋ ಕ್ಯಾಮೆರಾ ಇಳಿಸಿಬಿಟ್ಟಿದ್ದ.

ಮಧ್ಯಾಹ್ನ ಬಸ್ಸಿಗೆ ಕಾಯುತ್ತ ರಸ್ತೆ ಬದಿ ನಿಂತಾಗ ನಾನು ಅತ್ತೆಯಿಂದ ನಾಲ್ಕು ಹೆಜ್ಜೆ ದೂರ ಸರಿದೆ. ಅವರು ಹೋಟೆಲಿನವರು ಕೊಟ್ಟು ಕಳಿಸಿದ ಕೇಕಿನ ಡಬ್ಬಿಯನ್ನು ಎದೆಗೆ ಅವುಚಿಕೊಂಡು ನಿಂತಿದ್ದರು. ಕೊನೆಗೆ ನನಗೇ ತಡೆಯಲಾಗಲಿಲ್ಲ.

"ಅಷ್ಟು ಜನದ ಮುಂದೆ ಅಂಗಂದ್ರಲ್ಲ ಅತ್ತಮ್ಮ. ನಾನು ಒಂದಿನಾನಾದ್ರೂ ನಿಮ್ಗೆ ಊಟ ಇಕ್ದೆ ಇದ್ದೀನಾ?"

ಅತ್ತೆಗೆ ನಿಜಕ್ಕೂ ಆಶ್ಚರ್ಯವಾಯಿತು. "ಇಕ್ಕಿಲ್ಲ ಅಂದ್ನಾ ನಾನು? ದಿನಾ ಇಕ್ತೀಯ. ಇಕ್ಬುಟ್ಟು ಓಡೋಗ್ತೀಯ. ಬಾಗ್ಲಿಗೋ, ಕೊಟ್ಗೆಗೋ, ರಸ್ತೆಗೋ. ಸಾರು ಬೇಕು ಅಂತ ತಲೆ ಎತ್ತಿದ್ರೆ ನೀನಿರಲ್ಲ. ಅವ್ನು ನಾನು ಉಂಡು ಏಳೋಗಂಟ ನಿಂತಿದ್ದ ಕಣೇ."

ಬಿಸಿಲು ನೆತ್ತಿಗೆ ಏರಿತ್ತು. ಬಸ್ಸಿನ ಸುಳಿವಿರಲಿಲ್ಲ.

"ಅಲ್ಲೂ ಕೂರ್ಲಿಲ್ಲ ನೀನು. ಮನೇಲೂ ಕೂರಲ್ಲ. ಎಲ್ಗೋಗ್ಬೇಕು ನಿಂಗೆ?" ಎಂದರು. ಬೈದ ದನಿಯಲ್ಲ ಅದು. ಹೆಸರು ಹೇಳಿದರೆ ಆ ಊರಿಗೆ ತಾವೇ ಬಸ್ಸು ಹತ್ತಿಸುವವರ ಹಾಗೆ ಕೇಳಿದರು.

"ಗೊತ್ತಿಲ್ಲ ಅತ್ತಮ್ಮ" ಎಂದೆ.

ರೆಸಾರ್ಟಿನಿಂದ ಮತ್ತೆ ಕರೆ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಬಾಗಿಲು ತೆರೆದು ಜನ ಬರತೊಡಗಿದ ಮೇಲೆ ಆ ಮ್ಯಾನೇಜರೇ ಫೋನು ಮಾಡಿದರು. ತಮಿಳುನಾಡಿನಿಂದಲೂ ಆಂಧ್ರದಿಂದಲೂ ಅತಿಥಿಗಳು ಬರುತ್ತಿದ್ದಾರೆ, ಹೊರಡುವ ಮುನ್ನ ಅವರೊಂದಿಗೆ ಅವರ ಭಾಷೆಯಲ್ಲಿ ಮಾತಾಡಿ ಅಭಿಪ್ರಾಯ ಕೇಳುವವರು ಬೇಕು ಎಂದರು. ಗಡಿ ಕಡೆಯವಳಾದ ನನಗೆ ತಮಿಳು, ತೆಲುಗು ಎರಡೂ ಬರುತ್ತವೆ. "ಆವತ್ತು ಎಲ್ಲರೂ ಅನ್ನದ ಬಗ್ಗೆ, ಕಾಫಿ ಬಗ್ಗೆ ಹೇಳಿದ್ರು. ನೀವು ಹೇಳಿದ್ದು ನನಗೆ ಅರ್ಥ ಆಗಲಿಲ್ಲ. ಆದ್ರೆ ಮರೆತೂ ಹೋಗಲಿಲ್ಲ" ಎಂದರು. ಕಿಟಕಿಗಳನ್ನು ಮಾತ್ರ ತೆಗೆಯುವಂತೆ ಮಾಡಲಾಗುವುದಿಲ್ಲವಂತೆ, ಏಸಿಯ ತಂಪು ಹೊರಗೆ ಹೋಗುತ್ತದಂತೆ. ಆದರೆ ಕಾಫಿ ಬದಲಾಗಿತ್ತು. ಸೇರಿದ ಮೊದಲ ದಿನವೇ ಕುಡಿದು ನೋಡಿದೆ, ಗಟ್ಟಿಯಾಗಿತ್ತು.

ಈಗ ನನ್ನ ಕೆಲಸ ಅದೇ. ಕೈಯಲ್ಲೊಂದು ಟ್ಯಾಬು, ಅದರಲ್ಲಿ ನಗುವ ಮುಖ, ಸುಮ್ಮನಿರುವ ಮುಖ, ಸಿಟ್ಟಿನ ಮುಖ. ಅತಿಥಿ ಒಂದನ್ನು ಮುಟ್ಟಿದರೆ ನನ್ನ ಕೆಲಸ ಮುಗಿಯಬೇಕು, ಆದರೆ ಯಾರೂ ಅಷ್ಟಕ್ಕೆ ನಿಲ್ಲಿಸುವುದಿಲ್ಲ. ಬೆಂಗಳೂರಿನವರು ಫೋಟೋದಲ್ಲಿ ದೊಡ್ಡದಾಗಿ ಕಾಣುತ್ತಿತ್ತು, ಬಂದು ನೋಡಿದರೆ ಚಿಕ್ಕದು ಎನ್ನುತ್ತಾರೆ. ಕುಪ್ಪಂ ಕಡೆಯಿಂದ ಬಂದ ತೆಲುಗಿನ ದೊಡ್ಡ ಕುಟುಂಬವೊಂದು ನಗುವ ಮುಖವನ್ನು ಒಬ್ಬೊಬ್ಬರಾಗಿ ಮುಟ್ಟಿ ಹೋಯಿತು. ನಿಜವಾದ ಯುರೋಪನ್ನು ನೋಡಿ ಬಂದಿದ್ದ ಒಬ್ಬ ಹೆಂಗಸು ಬೀದಿಯಲ್ಲಿ ನಿಂತು, "ಎಲ್ಲ ಸರಿಯಾಗೇ ಇದೆ, ಆದ್ರೆ ಅಲ್ಲಿ ಮೇಲಿನ ಕಿಟಕೀಲಿ ಬಟ್ಟೆ ಒಣಗ್ತಿರ್ತವೆ" ಎಂದಳು. ನನಗೆ ಆ ಮಾತು ಎಷ್ಟು ಹಿಡಿಸಿತೆಂದರೆ, ಇನ್ನೂ ಏನೇನಿರುತ್ತದೆ ಎಂದು ಅವಳನ್ನು ಗೇಟಿನವರೆಗೂ ಕೇಳುತ್ತ ಹೋದೆ. ಮದುವೆಯಾದ ಹೊಸತರಲ್ಲಿ ಬಂದ ಒಂದು ಜೋಡಿ ಮಾತ್ರ ಜಗಳವಾಡಿಕೊಂಡೇ ಹೊರಟಿತು, ಅವನು ನಗುವ ಮುಖ ಮುಟ್ಟಿದ, ಅವಳು ಟ್ಯಾಬು ಕಸಿದುಕೊಂಡು ಸಿಟ್ಟಿನ ಮುಖ ಮುಟ್ಟಿದಳು. ನೀವು ಯುರೋಪಿಗೆ ಹೋಗಿದ್ದೀರಾ ಎಂದು ಎಷ್ಟೋ ಜನ ನನ್ನನ್ನು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ. ಹಾಗೆನ್ನುವಾಗಲೆಲ್ಲ ಒಳಗೆ ಏನೋ ಒಂದು ಎದ್ದು ನಿಂತು ಚಪ್ಪಲಿ ಹುಡುಕಿದ ಹಾಗಾಗುತ್ತದೆ. ಈ ಕೆಲಸ ಸಿಕ್ಕಮೇಲೆ ಚಡಪಡಿಕೆ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಇನ್ನೊಬ್ಬರು ಮಾತು ಮುಗಿಸುವವರೆಗೆ ಒಂದು ಕಡೆ ನಿಲ್ಲುವುದು ಮಾತ್ರ ಸ್ವಲ್ಪ ಬಂದಿದೆ.

ಬದಲಾದವರು ಅತ್ತೆ. ರೆಸಾರ್ಟಿನಿಂದ ಬಂದ ಮೇಲೆ ನನ್ನ ವಾರದ ರಜೆ ಬಂತೆಂದರೆ ಹಾಲು ಕರೆದು, ಕೊಟ್ಟಿಗೆ ಗುಡಿಸಿ, ಸ್ನಾನ ಮಾಡಿ, ಸೀರೆ ಬದಲಿಸಿ ನಿಲ್ಲುತ್ತಾರೆ. "ಎಲ್ಗೋಗಾನ?" ಎನ್ನುತ್ತಾರೆ. ಒಂದು ಸಲ ಕೋಲಾರಕ್ಕೆ ಹೋಗಿ ಬಂದೆವು. ಒಂದು ಸಲ ಉರಿಗಾಂನಲ್ಲಿ ನನ್ನ ತಂಗಿಯ ಮನೆಗೆ ಹೋಗಿ, ಅವಳು ಉಳಿಯಲು ಹೇಳುವ ಮೊದಲೇ ಅತ್ತೆ ಉಳಿಯುತ್ತೇನೆ ಎಂದುಬಿಟ್ಟರು. ಗಂಡ ನಗುತ್ತಾರೆ, ಮನೆಯಲ್ಲಿ ಈಗ ಇಬ್ಬರಾದರು ಎನ್ನುತ್ತಾರೆ.

ಮೊನ್ನೆಯ ರಜೆಯಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿದೆವು. ಅಲ್ಲಿ ನಮಗೆ ಏನೂ ಕೆಲಸವಿರಲಿಲ್ಲ. ಅತ್ತೆ ಕಿಟಕಿಯ ಪಕ್ಕ ಕೂತು, ದಾರಿಯುದ್ದಕ್ಕೂ ಬಿಳಿಯ ಮಣ್ಣಿನ ಗುಡ್ಡಗಳನ್ನೂ ಹಳೆಯ ಗಣಿಯ ಕಬ್ಬಿಣದ ಗೋಪುರಗಳನ್ನೂ ನೋಡಿದರು. ಮಾರಿಕುಪ್ಪಂನಲ್ಲಿ ಎಲ್ಲರೂ ಇಳಿದರು. ಡಬ್ಬಿಯಲ್ಲಿ ನಾವಿಬ್ಬರೇ.

"ಇಲ್ಲಿಂದ ಮುಂದುಕ್ಕೆ ಯಾವೂರು?" ಎಂದರು.

"ಮುಂದಕ್ಕೆ ಇಲ್ಲ ಅತ್ತಮ್ಮ. ಹಳಿ ಇಲ್ಲಿಗೇ ಮುಗೀತು."

ಅವರು ನನ್ನನ್ನು ನಂಬದೆ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದರು. ನಾನು ಇಳಿದು ಟೀ ತಂದೆ. ಅದೇ ರೈಲು ವಾಪಸು ಹೊರಟಿತು. ಬಂಗಾರಪೇಟೆ ಬಂದಾಗ ನಾನು ಚೀಲ ಹಿಡಿದು ಎದ್ದೆ. ಅತ್ತೆ ಏಳಲಿಲ್ಲ.

"ಇದು ಬೆಂಗ್ಳೂರ್ಗೋಗುತ್ತೆ ಅಲ್ವಾ?"

"ಹೋಗುತ್ತೆ. ನಮ್ಮ ಟಿಕೆಟ್ಟು ಇಲ್ಲಿಗೇ. ಏಳಿ, ಹಾಲು ಕರೆಯೋ ಹೊತ್ತಾಗುತ್ತೆ."

"ಅವ್ಳು ಕರೀತಾಳೆ, ಕುತ್ಕೊ" ಎಂದು ಅವರು ನನ್ನ ಕೈ ಹಿಡಿದು ಎಳೆದರು. ಹತ್ತುವವರು ನುಗ್ಗುತ್ತಿದ್ದರು, ಬಾಗಿಲ ಬಳಿ ಗದ್ದಲ. ನಾನು ಹೇಗೋ ಅವರನ್ನು ಎಬ್ಬಿಸಿಕೊಂಡು ಇಳಿಸಿದೆ. ಪ್ಲಾಟ್‌ಫಾರಂನಲ್ಲಿ ನಿಂತು ರೈಲು ಪೂರ್ತಿ ಹೋಗುವವರೆಗೂ ಅತ್ತೆ ಅಲುಗಾಡಲಿಲ್ಲ. ಆಮೇಲೆ ಮೇಲುಸೇತುವೆಯ ಮೆಟ್ಟಿಲು ಹತ್ತುವಾಗ ಉದ್ದಕ್ಕೂ ನನ್ನನ್ನು ಬೈದರು. ಇಳಿಯುವಾಗ, ಬೆಂಗಳೂರಿಗೆ ಹೋಗಲು ಬೆಳಗಿನ ಯಾವ ರೈಲು ಒಳ್ಳೆಯದು ಎಂದು ಮಗನನ್ನು ರಾತ್ರಿ ತಾವೇ ಕೇಳುವುದಾಗಿ ಹೇಳಿದರು.